ಮಾವ ಮತ್ತೆ ಮತ್ತೆ ಸವರಿದ ಸೀಬೆ ಗಿಡಗಳು

ಮಳವಳ್ಳಿ ಬಸ್ಸು ನಮ್ಮ ಸೀಬೆ ತೋಟದ ಬೇಲಿ ಪಕ್ಕವೇ ಹೋಗುತ್ತಿತ್ತು. ನಾನು ಮದುವೆಯಾಗಿ ಬಂದಾಗ ಆ ತೋಟ ನನ್ನ ಮಾವನವರದು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅದು ನನ್ನ ಕೈಗೆ ಬಂತು. ಬಂದ ಬಗೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಗಿಡ ಸವರುವುದನ್ನು ನನಗೆ ಕಲಿಸಿದವರು ಅವರೇ. ಸೀಬೆ ಹೊಸ ಚಿಗುರಲ್ಲೇ ಕಾಯಿ ಕಚ್ಚುವುದು. ಅದಕ್ಕೇ ಹಣ್ಣು ಮುಗಿದ ಮೇಲೆ ತುದಿ ಕತ್ತರಿಸಬೇಕು, ನಡುವೆ ಒತ್ತಾಗಿ ಬೆಳೆದ ಕೊಂಬೆ ತೆಗೆದು ಬಿಸಿಲಿಗೆ ದಾರಿ ಬಿಡಬೇಕು, ದಪ್ಪ ಕೊಂಬೆ ಕಡಿದ ಕಡೆ ಸಗಣಿ ಮೆತ್ತಬೇಕು.

ಒಂದು ವರ್ಷ ಸವರಿದ ಮೇಲೆ ಚಿಗುರು ಚೆನ್ನಾಗಿ ಬಂದಿತ್ತು. ಬುತ್ತಿ ತಗೊಂಡು ಹೋದರೆ ಮಾವ ಆ ಚಿಗುರನ್ನೇ ಕತ್ತರಿಸುತ್ತಿದ್ದಾರೆ. ಕಾಲಡಿ ಎಳೆ ಎಲೆ, ಮೊಗ್ಗು.

"ಮಾವ, ಹೋದ ತಿಂಗಳೇ ಸವರಿದ್ವಲ್ಲ!"

"ಯಾರವ್ವ ಸವರಿದ್ದು? ಈ ಸಲ ಇನ್ನೂ ಸುರುನೇ ಮಾಡಿಲ್ಲ."

ತಮಾಷೆ ಅಂದುಕೊಂಡು ಮುಖ ನೋಡಿದೆ. ಅವರು ನಿಜಕ್ಕೂ ಮರೆತಿದ್ದರು.

ನಮ್ಮ ಯಜಮಾನರು ಕತ್ತರಿ ಬಚ್ಚಿಟ್ಟರು. ಮಾವ ಕುಡುಗೋಲು ಹಿಡಿದು ಹೋದರು. ಅದನ್ನೂ ಕಿತ್ತುಕೊಂಡಾಗ ಜಗಲಿ ಮೇಲೆ ಕೂತು, "ನನ್ ತೋಟಕ್ಕೆ ನಾನೇ ಕಳ್ಳ ಆದ್ನಾ?" ಅಂತ ಅತ್ತರು. ಮುದ್ದೆ ಇಟ್ಟರೆ ತಟ್ಟೆ ಸರಿಸಿದರು.

ನೋಡಲಾರದೆ, ಬೇಲಿಯ ಒಣಕೊಂಬೆ ತಂದು, "ಸೌದೆಗೆ ತುಂಡು ಮಾಡ್ಕೊಡಿ ಮಾವ" ಅಂದೆ. ಸ್ವಲ್ಪ ಹೊತ್ತು ಮಾಡಿದರು. ಆಮೇಲೆ ತಲೆ ಎತ್ತಿ, "ಅಳೋ ಮಗೀಗೆ ಬೊಂಬೆ ಕೊಟ್ಟಂಗೆ ಕೊಟ್ಟಿದ್ದೀಯ, ಅಲ್ವೇನವ್ವ?" ಅಂದರು. ನಾನು ತುಂಡುಗಳನ್ನು ಬಾಚಿಕೊಂಡು ಒಳಗೆ ಹೋದೆ.

ಮಾರನೆಯ ದಿನ ಅವರನ್ನು ತೋಟಕ್ಕೇ ಕರೆದುಕೊಂಡು ಹೋದೆ. "ನೀವು ತೋರ್ಸಿ ಮಾವ, ನಾನು ಕತ್ತರಿಸ್ತೀನಿ." ಕೋಲು ಚಾಚಿ ತೋರಿಸಿದರು. ಒಮ್ಮೊಮ್ಮೆ ಸರಿಯಾಗಿ, ಬುಡದಿಂದ ನೆಟ್ಟಗೆದ್ದ ಬರಡು ಚಿಗುರನ್ನೇ. ಒಮ್ಮೊಮ್ಮೆ ಹೂ ಬಿಟ್ಟ ಕೊಂಬೆಯನ್ನು. ಆಗ "ಆಯ್ತು" ಅನ್ನುತ್ತಾ ಪಕ್ಕದ ಒಣಕಡ್ಡಿ ಮುರಿಯುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ. ಆದರೆ ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡರು.

ಆ ವರ್ಷ ಸಂತೆಗೆ ಒಯ್ಯುವಷ್ಟೂ ಕಾಯಿ ಬರಲಿಲ್ಲ. ಮತ್ತೆ ಸವರುವ ಕಾಲ ಬಂದಾಗ ಮಾವನ ಕೈ ಹಿಡಿದು ನಡೆಸಿಕೊಂಡು ಹೋದೆ. ಅರ್ಧ ದಾರಿಯಲ್ಲಿ ನಿಂತು, "ಯಾರ ಮನೆ ಎಣ್ಣವ್ವ ನೀನು?" ಅಂದರು.

"ನಿಮ್ಮನೇದೇ ಮಾವ."

ತಲೆಯಾಡಿಸಿ ನನ್ನ ಜೊತೆ ತೋಟಕ್ಕೆ ಬಂದು ನೆರಳಲ್ಲಿ ಕೂತರು. ನಾನೊಬ್ಬಳೇ ಮೊದಲ ಗಿಡಕ್ಕೆ ಕತ್ತರಿ ಇಟ್ಟೆ.