ನಲವತ್ತು ಅಡಿ ಕತ್ತೆ

ನನ್ನಕ್ಕ ಸರ್ಕಾರಿ ಕಟ್ಟಡಗಳ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದಳು. ನಕ್ಷೆಗಳು ಎನ್ನಲಾರೆ, ಇದ್ದದ್ದು ಒಂದೇ. ಅಂಚೆ ಕಚೇರಿ, ಆಸ್ಪತ್ರೆ, ವಾರ್ಡ್ ಕಚೇರಿ, ಎಲ್ಲಕ್ಕೂ ಅದೇ ಡಬ್ಬಿ. ಬೋರ್ಡು ಮಾತ್ರ ಬೇರೆ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ಕೇಳುವವರಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಒಂದು ಕಚೇರಿಯಲ್ಲಿ ಗುಮಾಸ್ತರು ಮಧ್ಯಾಹ್ನ ಮೂರರ ಮೇಲೆ ಕೊಡೆ ಬಿಚ್ಚಿಕೊಂಡು ಕೆಲಸ ಮಾಡುತ್ತಿದ್ದರು. ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಊರು ಹಬ್ಬಿದಂತೆಲ್ಲ ಡಬ್ಬಿಗಳೂ ಹಬ್ಬಿದವು. ಹೊರಗಿನ ಬಡಾವಣೆಗಳಿಗೆ ಹೆಸರೂ ಇಲ್ಲ; ಮೊದಲನೇ ಹಂತ, ಎರಡನೇ ಹಂತ, ಅಷ್ಟೇ. ಅಕ್ಕನ ಮನೆ ಮೂರನೇ ಹಂತದಲ್ಲಿ. ಭಾವ ಒಮ್ಮೆ ಎರಡನೇ ಹಂತದಲ್ಲೇ ಬಸ್ಸಿಳಿದು, ಅದೇ ತಿರುವು, ಅದೇ ಗೇಟು ನೋಡಿ ಯಾರದೋ ಮನೆ ಹೊಕ್ಕು, ಅಂಗಿ ಕಳಚಿ ಫ್ಯಾನಿನಡಿ ಕೂತುಬಿಟ್ಟಿದ್ದರು. ಆ ಮನೆಯಾಕೆ ನೀರು ತಂದುಕೊಟ್ಟಾಗಲೇ ಅವರಿಗೆ ಅನುಮಾನ ಬಂದದ್ದಂತೆ. ಭಾವ ಕೇಳದೆ ಅಕ್ಕ ನೀರು ಕೊಟ್ಟವಳಲ್ಲ.

ಅವಳ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ನಾಲ್ಕನೇ ಹಂತಕ್ಕೊಂದು ಗ್ರಂಥಾಲಯ ಕಟ್ಟುವ ಕೆಲಸ ಬಂತು. ಮೇಲಧಿಕಾರಿಗೆ ಅದೇನನ್ನಿಸಿತೋ, ಇದೊಂದನ್ನು ನಿಮಗೆ ತೋಚಿದಂತೆ ಮಾಡಿ ಎಂದುಬಿಟ್ಟರು. ಅಕ್ಕ ಮೂರು ವಾರ ಸೈಟಿನಲ್ಲೇ ನಿಂತಳು. ಪಶ್ಚಿಮಕ್ಕೆ ದಪ್ಪ ಗೋಡೆ, ಉತ್ತರಕ್ಕೆ ಕಿಟಕಿ, ಮಳೆನೀರಿಗೆ ನೆಲದಡಿ ತೊಟ್ಟಿ. ಎಸಿ ಇಲ್ಲ. ಅಲ್ಲಿದ್ದ ಹಳೆಯ ಮರ ಕಡಿಯದೆ ಅದರ ನೆರಳಿನಲ್ಲಿ, ರಸ್ತೆಯ ಬದಿಗೆ, ನಲವತ್ತು ಅಡಿ ಉದ್ದದ ಕಲ್ಲಿನ ಕಟ್ಟೆ. ಅವಳ ಜೀವವೆಲ್ಲ ಆ ಕಟ್ಟೆಯಲ್ಲಿತ್ತು.

“ಗ್ರಂಥಾಲಯಕ್ಕೆ ಆರು ಗಂಟೆಗೆ ಬೀಗ ಬೀಳುತ್ತೆ ಕಣೋ. ಕಟ್ಟೆಗೆ ಯಾರು ಬೀಗ ಹಾಕ್ತಾರೆ?” ಎಂದಳು.

ಮಂಜೂರಾತಿಗೆ ನಕ್ಷೆಯ ಜೊತೆ ಹೋಗುವ ವರದಿ ಟೈಪು ಮಾಡಿದ ಮಹಾನುಭಾವ ನಾನು. ಕಚೇರಿಯ ಎದುರೇ ನನ್ನ ಟೈಪಿಂಗ್ ಅಂಗಡಿ. ನಮ್ಮ ಕೀಬೋರ್ಡಿನಲ್ಲಿ ಶಿಫ್ಟ್ ಒತ್ತಿದರೆ ಟ, ಒತ್ತದಿದ್ದರೆ ತ. ಅವತ್ತು ತಲೆಹರಟೆ ಗಿರಾಕಿಯೊಬ್ಬನ ಜೊತೆ ಜಗಳವಾಡುತ್ತಲೇ ಹೊಡೆದೆ. ಆಮೇಲೆ ಕಂಪ್ಯೂಟರು ಕೆಂಪು ಗೆರೆ ಎಳೆದ ಪದಗಳನ್ನೆಲ್ಲ ತಿದ್ದಿದೆ. ಕತ್ತೆ ಅಚ್ಚ ಕನ್ನಡ ಪದ. ಅದಕ್ಕೆ ಗೆರೆ ಬೀಳಲಿಲ್ಲ.

ಹೀಗಾಗಿ ವರದಿಯ ಪ್ರಕಾರ ಕತ್ತೆಯ ಉದ್ದ ನಲವತ್ತು ಅಡಿ. ಅದರ ಮೇಲೆ ಏಕಕಾಲಕ್ಕೆ ಇಪ್ಪತ್ತೈದು ಜನ ಕೂರಬಹುದು. ನಾಲ್ವರು ಅಧಿಕಾರಿಗಳು ಓದಿ ಒಪ್ಪಿದ್ದೇವೆಂದು ಸಹಿ ಹಾಕಿದರು. ಐದನೆಯವರು ಮಾತ್ರ ಓದಿಯೇಬಿಟ್ಟರು: ಕತ್ತೆಯ ನಿರ್ವಹಣೆ ಯಾರ ಹೊಣೆ? ಸ್ಪಷ್ಟಪಡಿಸಿ.

ಅಕ್ಕ ಫೈಲು ಹಿಡಿದು ಅಂಗಡಿಗೆ ಬಂದಳು. ಉಗಿಸಿಕೊಳ್ಳಲು ಸಿದ್ಧನಾಗಿ, ಈಗಲೇ ತಿದ್ದಿಕೊಡುತ್ತೇನೆ ಎಂದೆ.

“ಬೇಡ. ತಿದ್ದಿದ್ರೆ ಫೈಲು ಮೊದಲಿಂದ ಹೊರಡುತ್ತೆ. ಅಷ್ಟೊತ್ತಿಗೆ ನಾನು ಮನೇಲಿರ್ತೀನಿ, ಇವರು ಮತ್ತೆ ಡಬ್ಬೀನೇ ಕಟ್ತಾರೆ. ಇವರ ಪ್ರಶ್ನೆಗೆ ಉತ್ತರದಲ್ಲೂ ಕತ್ತೆ ಅಂತಲೇ ಹೊಡಿ.”

ಅವಳು ಹೇಳಿದಂತೆ ಹೊಡೆದೆ: ಸದರಿ ಕತ್ತೆಯು ಕಲ್ಲಿನದಾಗಿದ್ದು, ಅದಕ್ಕೆ ಮೇವು, ನೀರು, ಕಾವಲು ಬೇಕಾಗಿರುವುದಿಲ್ಲ. ಹನ್ನೊಂದು ದಿನಕ್ಕೆ ಮಂಜೂರಾಯಿತು. ಮೇಸ್ತ್ರಿ ಪುಣ್ಯಾತ್ಮ, ವರದಿ ಓದಲಿಲ್ಲ, ನಕ್ಷೆ ನೋಡಿದ.

ಕಟ್ಟಡ ಮುಗಿಯುವ ಹೊತ್ತಿಗೆ ಅಕ್ಕ ನಿವೃತ್ತಳಾಗಿ, ಮಂಡಿನೋವೆಂದು ಮನೆ ಹಿಡಿದಿದ್ದಳು. ಜನ ಬಾರದಿದ್ದರೆ ಎಂಬ ಹೆದರಿಕೆಯೂ ಇತ್ತು. ತಿಂಗಳ ಮೇಲೆ ಒಂದು ಸಂಜೆ ನಾನೇ ಬಲವಂತವಾಗಿ ಹೊರಡಿಸಿದೆ. ನಾಲ್ಕನೇ ಹಂತದ ಸ್ಟಾಪು ಬಂದಾಗ ಕಂಡಕ್ಟರು “ಕಟ್ಟೆ, ಕಟ್ಟೆ ಇಳೀರಿ” ಎಂದು ಕೂಗಿದ. ಅಕ್ಕ ನನ್ನ ಮುಖ ನೋಡಿದಳು.

ಗ್ರಂಥಾಲಯಕ್ಕೆ ಬೀಗ ಬಿದ್ದಿತ್ತು. ಕಟ್ಟೆ ಈ ತುದಿಯಿಂದ ಆ ತುದಿಗೆ ತುಂಬಿತ್ತು. ಅಕ್ಕ ಕುಂಟುತ್ತ ಹೋಗಿ ಒಬ್ಬ ಹೆಂಗಸನ್ನು ಸ್ವಲ್ಪ ಸರಿಯುತ್ತೀರಾ ಎಂದು ಕೇಳಿದಳು. ಆಕೆ ಅತ್ತಿತ್ತ ನೋಡಿ, “ಎಲ್ಲಿದೆ ಜಾಗ? ನಾಳೆ ಬೇಗ ಬನ್ನಿ” ಎಂದಳು.

ನನಗೆ ಪಿತ್ತ ನೆತ್ತಿಗೇರಿತು. ಈ ಕಟ್ಟೆ ಯಾರದ್ದೆಂದು ಗೊತ್ತೇನ್ರೀ ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ತೋಳು ಹಿಂಡಿದಳು. ಅವಳ ಕಣ್ಣು ತುಂಬಿತ್ತು.

“ಸುಮ್ನಿರೋ. ಮೂವತ್ತೊಂದು ವರ್ಷದಲ್ಲಿ ನನ್ನ ಕಟ್ಟಡದಲ್ಲಿ ಜಾಗ ಇಲ್ಲ ಅಂದವರು ಇವರೇ ಮೊದಲು.”

ಅರ್ಧ ಗಂಟೆ ಅಲ್ಲೇ ನಿಂತಿದ್ದಳು, ಮಂಡಿನೋವಿನ ಮಾತೆತ್ತಲಿಲ್ಲ.