ಜೋಡಿ ಕಾಲು

ಅಪ್ಪನ ಬಿಳಿ ಕಾಲುಚೀಲದ ಕಿರುಬೆರಳಿನ ಕಡೆ ಒಂದು ಹಳದಿ ಕಲೆ ಇತ್ತು. ಬಟ್ಟೆ ಅಲ್ಲಿ ಒಣಗಿ ರಟ್ಟಿನಂತೆ ಬಿಗಿದಿತ್ತು. ಕಲ್ಲಿನ ಮೇಲೆ ಉಜ್ಜಿದೆ. ಬಿಡಲಿಲ್ಲ. ಮೂಸಿ ನೋಡಿದೆ.

ಕೀವು.

ಅಪ್ಪ ಕಾಲುಚೀಲವನ್ನು ಯಾರಿಗೂ ಒಗೆಯಲು ಕೊಡುತ್ತಿರಲಿಲ್ಲ. ಅಂದು ಜ್ವರದಲ್ಲಿ ಮಲಗಿದ್ದರಿಂದ ನನ್ನ ಕೈಗೆ ಬಂದಿತ್ತು. ಎಪ್ಪತ್ತೊಂದರ ಯುದ್ಧದ ಚಳಿಗಾಲದಲ್ಲಿ ಲಡಾಖದ ಹಿಮ ಅವರ ಎಡಗಾಲಿನ ನಡುವಿನ ಎರಡು ಬೆರಳುಗಳನ್ನು ತೆಗೆದುಕೊಂಡಿತ್ತು. ಹವಾಲ್ದಾರರಾಗಿ ಪಿಂಚಣಿ ಪಡೆದು ಇಳಕಲ್ಲಿಗೆ ಮರಳಿದವರು ಬಸ್ಸಿಳಿದ ವಾರದಲ್ಲೇ ಅಜ್ಜನ ಮಗ್ಗಕ್ಕೆ ಕೂತರು. ನಮ್ಮದು ಕುಣಿ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಸೊಂಟದಿಂದ ಮೇಲಿನ ಮನುಷ್ಯ ಮಾತ್ರ ಕಾಣುತ್ತಾನೆ. ಅಪ್ಪನಿಗೆ ಅದು ಅನುಕೂಲವೇ ಆಗಿತ್ತು ಎಂದು ಈಗ ಅನಿಸುತ್ತದೆ. ಹಬ್ಬದ ದಿನ ನಾವು ನಮಸ್ಕರಿಸುತ್ತಿದ್ದುದೂ ಕಾಲುಚೀಲಕ್ಕೇ.

ಕಾಲು ಜೋಮು ಹಿಡಿದಿದೆ ಎಂದು ಅವರು ಹೇಳಿದಾಗಲೆಲ್ಲ ಅವ್ವ, "ಹಿಮ ತಿಂದ ಕಾಲ, ಮತ್ತೇನಾಗತೈತಿ" ಅನ್ನುತ್ತಿದ್ದಳು. ನಾವೂ ನಂಬಿದೆವು. ಮೇಲಿಂದ ಮೇಲೆ ನೀರು ಕುಡಿಯುವುದು, ಅಂಗಿ ಸಡಿಲಾದದ್ದು, ಕಣ್ಣು ಮಂಜಾದದ್ದು, ಎಲ್ಲವನ್ನೂ ಯುದ್ಧದ ಲೆಕ್ಕಕ್ಕೆ ಹಾಕಿ ಸುಮ್ಮನಾಗಿದ್ದೆವು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ನಾನೂ.

"ಅಪ್ಪಾ, ಕಾಲ ತೋರಸ್ರಿ."

"ಏನಿಲ್ಲ. ಒಂಚೂರು ತರಚೈತಿ."

"ತೋರಸ್ರಿ."

ಅವರು ಗೋಡೆಯ ಕಡೆ ಮಗ್ಗಲು ತಿರುಗಿದರು.

ಎಲ್ಲಿ ತರಚಿತೆಂದು ನೋಡಲು ನಾನು ಮಗ್ಗದ ಕುಣಿಗೆ ಇಳಿದೆ. ಕಾಲಿನಿಂದ ತುಳಿಯುವ ಹಲಗೆಯ ಅಂಚಿನಲ್ಲಿ ಒಂದು ಮೊಳೆ ಎದ್ದು ನಿಂತಿತ್ತು. ಅದರ ಸುತ್ತ ಕಟ್ಟಿಗೆ ಕಪ್ಪಾಗಿತ್ತು. ಆ ಮೊಳೆಯನ್ನು ತುಳಿಯುತ್ತಲೇ ಅಪ್ಪ ಸೀರೆ ನೇಯ್ದಿದ್ದರು.

ಮಧ್ಯಾಹ್ನದ ಬಸ್ಸಿಗೆ ಹುನಗುಂದದ ಮೇಲೆ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕಾಲುಚೀಲ ಕತ್ತರಿಸಿ ತೆಗೆದರು.

"ಮೊಳಿ ಚುಚ್ಚಿದ್ದು ಗೊತ್ತಾಗಲಿಲ್ಲೇನ್ರಿ ಹವಾಲ್ದಾರ್ರ?"

"ಇಲ್ರಿ."

"ಇದು ಹಿಮದ ಕೆಲಸ ಅಲ್ರಿ. ಶುಗರ್." ಅವರು ನನ್ನ ಕಡೆ ತಿರುಗಿದರು. "ಗ್ಯಾಂಗ್ರೀನ್ ಸುರು ಆಗೇತಿ. ಕಿರುಬೆರಳ ತಗೀಲೇಬೇಕು. ಪಾದ ಉಳಸಾಕ ನೋಡ್ತೇನಿ. ಕಪ್ಪು ಮ್ಯಾಲೆ ಏರಿದ್ರ ಮಣಕಾಲ ತನಕ."

ಮೊಣಕಾಲಿನ ತನಕ.

ಆಪರೇಶನ್ ಆಯಿತು. ಕಪ್ಪು ಪಾದದಲ್ಲೇ ನಿಂತಿತು. ಮನೆಗೆ ಕಳಿಸುವಾಗ ಡಾಕ್ಟರು ನನಗೆ ಇನ್ಸುಲಿನ್ ಕೊಡುವುದನ್ನೂ ಡ್ರೆಸಿಂಗ್ ಮಾಡುವುದನ್ನೂ ಕಲಿಸಿದರು. "ಎರಡೂ ಅಂಗಾಲು ದಿನಾ ನೋಡಬೇಕು. ಇವರ ಮಾತ ಕೇಳಬ್ಯಾಡ್ರಿ, ಕಾಲ ನೋಡ್ರಿ. ಇನ್ನೊಂದು ಗಾಯ ತಪ್ಪಿಸಿಕೊಂಡ್ರ ಈ ಕಾಲ ಉಳಿಯೂದಿಲ್ಲ."

ಮನೆಗೆ ಬಂದ ದಿನ ಸಂಜೆ ಅಪ್ಪ ದುಪ್ಪಟಿಯೊಳಗೆ ಕಾಲು ಮುಚ್ಚಿಕೊಂಡು ಕೂತರು.

"ನೀ ಹೆಣ್ಣಮಗಳು. ಇದನ್ನ ನೋಡಬ್ಯಾಡ. ಕಂಪೌಂಡರ್‌ನ ಕರಸು."

"ದಿನಾ ಯಾವ ಕಂಪೌಂಡರ್ ಬರತಾನ್ರಿ?" ಅವ್ವ ಒಲೆಯ ಮುಂದಿನಿಂದಲೇ ಅಂದಳು.

ನಾನು ಬೇಡಿಕೊಳ್ಳಲಿಲ್ಲ. ಮಣೆ ಎಳೆದುಕೊಂಡು ಅವರ ಕಾಲ ಬುಡದಲ್ಲಿ ಕೂತೆ. ಸುರುಳಿ ಬಟ್ಟೆ, ಕತ್ತರಿ, ಔಷಧ ಹೊಂದಿಸಿಟ್ಟೆ. ದುಪ್ಪಟಿ ಸರಿಯಲಿಲ್ಲ. ಕೇಳಿದೆ: "ಅಲ್ಲಿ ಹಿಮದಾಗ ಯಾರ ನೋಡ್ತಿದ್ರು?"

ಯುದ್ಧದ ಬಗ್ಗೆ ನಾನು ಅವರನ್ನು ಕೇಳಿದ್ದು ಅದೇ ಮೊದಲು.

"ಜೋಡಿ ಇರತಿತ್ತು," ಅಂದರು. "ದಿನಾ ಸಂಜಿಮುಂದ ಬೂಟ ತಗದು ಅವನ ಕಾಲ ನಾ ನೋಡೂದು, ನನ್ನ ಕಾಲ ಅವ ನೋಡೂದು. ತನ್ನ ಕಾಲ ತಾನ ನೋಡಿ ಹೇಳುವಂಗಿಲ್ಲ. ಹಂಗ ಬಿಟ್ರ ಎಲ್ಲಾರೂ ಠೀಕ್ ಐತಿ ಅಂತಾರ."

"ನಿಮ್ಮ ಜೋಡಿ ಯಾರಿದ್ರು?"

"ಪಂಜಾಬ ಕಡೆ ಹುಡುಗ. ಬೆರಳ ಕಪ್ಪಾದ ದಿನ ನನ್ನ ಪಾದ ತನ್ನ ಅಂಗಿಯೊಳಗ ಹೊಟ್ಟಿಗೆ ಹಚ್ಚಿಕೊಂಡು ಬೆಳಗಾಗೂ ತನಕ ಕುಂತ. ಎರಡ ಬೆರಳಿಗೇ ಮುಗೀತು. ಮುಂದ ಒಂದಿನ ಪಹರೇಕ ಹೋದಾಂವ ಬರಲಿಲ್ಲ. ಊರಿಗೆ ಬಂದ ಮ್ಯಾಲೆ ಜೋಡಿ ಅಂತ ಯಾರೂ ಇರಲಿಲ್ಲ."

ಊರು ತುಂಬ ಬಳಗ, ಮನೆಯಲ್ಲಿ ನಾವಿಬ್ಬರು ಇದ್ದೂ ಅವರು ಹಾಗೆ ಹೇಳಿದ್ದಕ್ಕೆ ನನಗೆ ನೋವಾಯಿತು. ಆದರೆ ಅದು ಸುಳ್ಳಾಗಿರಲಿಲ್ಲ.

"ಈಗ ನಾ ಅದೀನಲ್ರಿ."

"ಭಾಳ ಹಟಮಾರಿ ಅದಿ."

"ಮಿಲ್ಟ್ರಿ ಮನ್ಯಾಗ ಹುಟ್ಟೇನಲ್ರಿ."

ಅವ್ವ ಸೆರಗು ಅಡ್ಡ ಹಿಡಿದು ನಕ್ಕಳು. ಅಪ್ಪ ದುಪ್ಪಟಿ ಸರಿಸಿ ಕಾಲು ಚಾಚಿದರು. ಕಪ್ಪು ದಾರದ ಹೊಲಿಗೆ, ಬೆರಳಿಲ್ಲದ ಜಾಗದಲ್ಲಿ ಹೊಳೆಯುವ ಎಳೆ ಚರ್ಮ. ಕಣ್ಣು ಹೊರಳಿಸದೆ ನೋಡಿದೆ. ಆಮೇಲೆ ಬಲಗಾಲು.

"ರಿಪೋರ್ಟ್ ಹೇಳು," ಅಂದರು.

"ಹೊಲಿಗಿ ಒಣಗಾಕತ್ತಾವು. ಬಲಗಾಲ ಹಿಮ್ಮಡಿಗೆ ಒಂದು ಗುಳ್ಳಿ ಎದ್ದೈತಿ."

"ನನಗ ಗೊತ್ತಾಗಿಲ್ಲ."

"ನನಗ ಗೊತ್ತಾತಲ್ರಿ."

ಹಿಮ್ಮಡಿಗೆ ಅರಳೆ ಇಟ್ಟು ಕಟ್ಟಿದೆ. ಏಳಬೇಕು ಅನ್ನುವಾಗ ಅಪ್ಪ ತಡೆದರು. "ಜೋಡಿ ಅಂದ್ರ ಇಬ್ಬರದೂ. ನಿಂದ ತೋರಸು."

ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. "ನನಗೇನಾಗೇತಿ?"

"ಅದನ್ನ ನೋಡಿದಾಂವ ಹೇಳಬೇಕು."

ನಾಳೆ ನೋಡೋಣ ಎಂದು ಎದ್ದು ಹೋದೆ. ಕಾಯಿಲೆ ಅವರದು, ನೋಡುವವಳು ನಾನು ಅನ್ನುವಷ್ಟಕ್ಕೇ ನಾನು ಸಿದ್ಧಳಾಗಿದ್ದೆ. ಶುಗರ್ ಹೋಗುವ ರೋಗವಲ್ಲ. ಕಾಲು ಸದ್ಯ ಉಳಿದಿದೆ. ಈ ಸದ್ಯವನ್ನು ದಿನವೂ ಹೊಸದಾಗಿ ಗಳಿಸಬೇಕು, ಅದಕ್ಕೆ ಅವರು ದಿನವೂ ಕಾಲು ಚಾಚಬೇಕು.

ಮರುದಿನ ಬೆಳಿಗ್ಗೆ ಅಂಗಳದ ಬಿಸಿಲಿಗೆ ಅಪ್ಪನ ಕುರ್ಚಿ ಹಾಕಿ ಅವರ ಕಾಲು ನೋಡಿದೆ. ಗುಳ್ಳೆ ಒಡೆದಿರಲಿಲ್ಲ. ಕಟ್ಟು ಕಟ್ಟಿ ಕೈ ತೊಳೆದೆ. ಆಮೇಲೆ ನನ್ನ ಕಾಲನ್ನೂ ತೊಳೆದು, ಒರೆಸಿಕೊಂಡು, ಅವರ ಎದುರಿಗೆ ಕೂತು ಎರಡನ್ನೂ ಅವರ ತೊಡೆಯ ಮೇಲೆ ಇಟ್ಟೆ.