ಎರಡನೆಯ ಕಾಲುಚೀಲ

ಒಂದು ಕಡೆ ಕೂರುವುದು ನನ್ನ ಕೈಲಿ ಆಗದ ಕೆಲಸ. ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಂತೂ ಅದು ಅತಿರೇಕಕ್ಕೆ ಹೋಗಿತ್ತು. ಪಿಯುಸಿ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಬಸವನಗುಡಿಯ ನಮ್ಮ ಮನೆಯ ಗೇಟಿನಿಂದ ಹಿತ್ತಲಿನ ಒಗೆಯುವ ಕಲ್ಲಿನವರೆಗೆ ದಿನಕ್ಕೆ ಎಷ್ಟು ಸಲ ಓಡಾಡುತ್ತಿದ್ದೆನೋ. ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕ, "ಒಂದ್ಕಡೆ ಕೂತ್ಕೊಳ್ಳೇ, ನಿನ್ನ ನೋಡಿದ್ರೆ ನಂಗೆ ತಲೆ ಸುತ್ತುತ್ತೆ" ಅನ್ನುತ್ತಿದ್ದಳು. ಕೊನೆಗೆ ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಎದುರುಮನೆಯ ಟೀಚರ್ ಮುಂದೆ ಕೂರಿಸಿದಳು.

ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಕ್ರಾಫ್ಟ್ ಕಲಿಸಿ ನಿವೃತ್ತರಾದವರು. ಸೈಕಲ್ ಸ್ಪೋಕುಗಳ ತುದಿ ಉಜ್ಜಿ ಮಾಡಿಕೊಂಡ ನಾಲ್ಕು ಕಡ್ಡಿ ಕೊಟ್ಟು, ಏನು ಹೆಣೆಯುತ್ತೀಯ ಎಂದು ಕೇಳಿದರು. ಅಕ್ಕನ ಮಗುವಿಗೆ ಕಾಲುಚೀಲ ಎಂದುಬಿಟ್ಟೆ. ಅಮ್ಮನ ಮುಖ ಕಪ್ಪಿಟ್ಟಿತು.

"ಹುಟ್ಟೋಕೆ ಮುಂಚೆ ಮಗೂಗೆ ಅಂತ ಹೊಸದೇನೂ ಮಾಡ್ಬಾರ್ದು. ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಅಕ್ಕನ ಮೊದಲ ಮಗು ಹುಟ್ಟಿ ಎರಡೇ ದಿನಕ್ಕೆ ಹೋಗಿತ್ತು. ಆಮೇಲೆ ಅಮ್ಮ ಶಾಸ್ತ್ರದ ವಿಷಯದಲ್ಲಿ ಇನ್ನೂ ಬಿಗಿಯಾಗಿದ್ದಳು.

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಜೋಡಿ ಮುಗಿದ್ರೆ ತಾನೇ ದೋಷ? ಒಂದನ್ನ ಪೂರ್ತಿ ಮಾಡ್ಲಿ. ಇನ್ನೊಂದರ ಬೆರಳಿನ ಭಾಗ ಕಡ್ಡಿ ಮೇಲೇ ಇರ್ಲಿ. ಹುಟ್ಟಿದ ಸುದ್ದಿ ಬಂದ್ಮೇಲೆ ಮುಚ್ಚಿದ್ರಾಯ್ತು. ನಾನು ಎಲ್ಲರಿಗೂ ಹಾಗೇ ಹೇಳ್ಕೊಡೋದು." ಅಮ್ಮ ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಮೂರು ಕಡ್ಡಿಗಳ ಮೇಲೆ ಮೂವತ್ತೆರಡು ಕುಣಿಕೆ, ನಾಲ್ಕನೆಯದರಿಂದ ಸುತ್ತಲೂ ಹೆಣೆಯುತ್ತ ಹೋಗಬೇಕು. ಏಪ್ರಿಲ್ ಸೆಕೆಗೆ ಉಲ್ಲನ್ ಬೆರಳಿಗೆ ಅಂಟುತ್ತಿತ್ತು. ಎಣಿಸಿದಾಗಲೆಲ್ಲ ಮೂವತ್ತೊಂದು. ಹಿಮ್ಮಡಿ ತಿರುಗಿಸುವುದಂತೂ ನನ್ನ ಪ್ರಾಣ ಹಿಂಡಿತು. ಅಲ್ಲಿ ಅರ್ಧ ಕುಣಿಕೆಗಳನ್ನು ಮುಟ್ಟದೆ ಬಿಟ್ಟು, ಉಳಿದರ್ಧವನ್ನಷ್ಟೇ ಹಿಂದೆ ಮುಂದೆ ಹೆಣೆಯಬೇಕು. ನನಗೆ ಎಲ್ಲವನ್ನೂ ಒಟ್ಟಿಗೇ ಮುಗಿಸುವ ಆತುರ. ನಾಲ್ಕು ಸಲ ಟೀಚರ್ ಎಳೆದು ಬಿಚ್ಚಿಸಿದರು. ಐದನೆಯ ಸಲ ಕಡ್ಡಿಗಳನ್ನು ಬಿಸಾಡಿ ಮನೆಗೆ ಬಂದೆ, ಅರ್ಧ ಗಂಟೆಗೆ ನಾಚಿಕೆಯಿಂದ ವಾಪಸು ಹೋದೆ. ಅವರು ಕಡ್ಡಿಗಳನ್ನು ಒರೆಸಿಟ್ಟುಕೊಂಡು ಕಾಯುತ್ತಿದ್ದರು.

ಮೊದಲನೆಯದು ಮುಗಿಯಿತು. ಎರಡನೆಯದು ಬೆರಳಿನವರೆಗೆ ಬಂದು ನಿಂತಿತು. ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಇನ್ನು ಎಂಟೇ ಸುತ್ತು! ಊಟಕ್ಕೆ ಕೂತರೂ ಆ ತೆರೆದ ತುದಿಯೇ ಕಣ್ಣಮುಂದೆ. ಒಂದು ಮಧ್ಯಾಹ್ನ ಅಮ್ಮ ಗಾಂಧಿಬಜಾರಿಗೆ ತರಕಾರಿಗೆ ಹೋದಾಗ ತಡೆಯಲಾಗಲಿಲ್ಲ. ಕೂತು ಮುಗಿಸಿ, ದಾರ ಎಳೆದು ಗಂಟು ಹಾಕಿ, ಜೋಡಿಯನ್ನು ನನ್ನ ಟ್ರಂಕಿನಲ್ಲಿ ಬಟ್ಟೆಗಳ ಅಡಿ ಬಚ್ಚಿಟ್ಟೆ.

"ಎರಡನೇದು ಹಾಗೇ ಇದೆ ತಾನೇ?" ಎಂದು ಅಮ್ಮ ಆಗಾಗ ಕೇಳುತ್ತಿದ್ದಳು.

"ಇದೆ ಅಮ್ಮ."

ಮೂರು ವಾರ ಕಳೆದಿರಬೇಕು. ಎಂಟು ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಅಕ್ಕನಿಗೆ ನೋವು ಬಂತು. ಆಟೋ ತರಲು ಅಪ್ಪ ಓಡಿದರು. ನಾನು ಟ್ರಂಕಿನಿಂದ ಕಾಲುಚೀಲಗಳನ್ನು ತೆಗೆದು ಚೀಲಕ್ಕೆ ತುರುಕಿಕೊಂಡೆ. ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ.

ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಅಮ್ಮ ಕಣ್ಣುಮುಚ್ಚಿ ಏನೋ ಜಪಿಸುತ್ತಿದ್ದಳು. ನಾನು ವರಾಂಡದಲ್ಲಿ ಅತ್ತಿಂದಿತ್ತ ನಡೆದೆ, ಕೂತೆ, ಮತ್ತೆ ಎದ್ದೆ. ನನ್ನಿಂದಲೇ ಇದೆಲ್ಲ ಆಯಿತು ಅನ್ನಿಸುತ್ತಿತ್ತು. ಈಗಲಾದರೂ ಜೋಡಿ ಮುರಿದರೆ? ಮೂಲೆಗೆ ಹೋಗಿ ಕೂತು ಎರಡನೆಯದರ ಗಂಟು ಹಲ್ಲಿನಿಂದ ಕಡಿದೆ. ಬೆರಳಿನ ಭಾಗ ಬಿಚ್ಚಿದರೆ ಸಾಕಾಗಿತ್ತು. ಕೈ ನಿಲ್ಲಲಿಲ್ಲ. ಪಾದ ಹೋಯಿತು, ಹಿಮ್ಮಡಿ ಹೋಯಿತು, ಕೊನೆಗೆ ಮಡಿಲಲ್ಲಿ ಗುಂಗುರು ಗುಂಗುರಾದ ಹಳದಿ ದಾರವಷ್ಟೇ ಉಳಿಯಿತು.

ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದರು. "ಹೆಣ್ಣು ಮಗು. ತುಂಬಾ ಸಣ್ಣದಿದೆ, ಕಾಲು ತಣ್ಣಗಾಗ್ತಿದೆ. ಬೆಚ್ಚಗಿರೋದು ಏನಾದ್ರೂ ತಂದಿದೀರಾ?"

ನಾನು ಉಳಿದ ಒಂದನ್ನು ಚಾಚಿದೆ.

"ಇನ್ನೊಂದೆಲ್ರೀ?"

ಅಮ್ಮ ನನ್ನ ಮಡಿಲು ನೋಡಿದಳು. ಗಂಟು ಕಡಿದಿದ್ದ ತುದಿ ಅವಳ ಕಣ್ಣಿಗೆ ಬಿತ್ತು, ಜೋಡಿ ಮೊದಲೇ ಮುಗಿದಿತ್ತೆಂದು ತಿಳಿಯಿತು. ಮುಖ ತಿರುಗಿಸಿ ಮತ್ತೆ ಜಪ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು. ನರ್ಸ್ ಇನ್ನೊಂದು ಕಾಲಿಗೆ ಹತ್ತಿ ಸುತ್ತಿದರು.

ಮೂರನೆಯ ದಿನ ಡಾಕ್ಟರು ಇನ್ನು ಭಯವಿಲ್ಲ ಎಂದರು. ಆ ಮಧ್ಯಾಹ್ನ ಅಕ್ಕನ ಮಂಚದ ಪಕ್ಕ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಮುಗಿಸಿದ್ದು, ಸುಳ್ಳು ಹೇಳಿದ್ದು, ಬಿಚ್ಚಿದ್ದು.

"ಮುಗಿಸಿದ್ದು ಗೊತ್ತಿತ್ತು ಕಣೇ. ನೀನು ಆಚೆ ಹೋದಾಗೆಲ್ಲ ನಿನ್ನ ಟ್ರಂಕ್ ತೆಗೀತಿದ್ದೆ. ಎರಡು ಬೆರಳಿಗೆ ಹಾಕ್ಕೊಂಡು ಹೊಟ್ಟೆ ಮೇಲೆ ನಡೆಸ್ತಿದ್ದೆ" ಎಂದಳು ಅಕ್ಕ. ಮಗುವಿನ ಹತ್ತಿ ಸುತ್ತಿದ ಕಾಲನ್ನು ಸವರಿದಳು. "ಹೋದ್ಸಲ ಅಮ್ಮ ಹೇಳಿದ್ದೆಲ್ಲ ಪಾಲಿಸಿದ್ವಿ. ಏನೂ ಹೊಸದು ಮಾಡ್ಲಿಲ್ಲ. ಅದು ಹೋದ್ಮೇಲೆ ಎತ್ತಿಟ್ಕೊಳ್ಳೋಕೆ ಅದರದ್ದು ಅಂತ ಒಂದು ಬಟ್ಟೇನೂ ಇರ್ಲಿಲ್ಲ ನಂಗೆ."

ಅಮ್ಮ ಕಾಫಿಯ ಫ್ಲಾಸ್ಕ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಒಳಗೆ ಬಂದು ಫ್ಲಾಸ್ಕ್ ಇಟ್ಟಳು, ನನ್ನ ಚೀಲದಿಂದ ಆ ಗುಂಗುರು ದಾರ ಹೊರಗೆ ತೆಗೆದು ತನ್ನ ಕೈಗೇ ಸುತ್ತಿಕೊಳ್ಳುತ್ತ ಉಂಡೆ ಮಾಡತೊಡಗಿದಳು.

"ಮನೇಗ್ ಹೋಗಿ ಕಡ್ಡಿ ತಗೊಂಡ್ ಬಾ" ಎಂದಳು. "ಇವತ್ತೇ ಮುಗಿಸು."